ಜೌಗಿನ ಗಾಳಿ ಹಿಡಿದ ವೋಲ್ಟಾ

ಗೆಳೆಯರೇ, ವೋಲ್ಟ್ ಅಂತ ಕೇಳಿದ್ದೀರಲ್ವಾ? ಆ ಹೆಸರು ಬಂದದ್ದು ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಅವರಿಂದ. ಇವರು 1745ರಲ್ಲಿ ಇಟಲಿಯ ಕೋಮೊ ಊರಿನಲ್ಲಿ ಹುಟ್ಟಿದರು.

1776ರಲ್ಲಿ ಮಜ್ಜೋರೆ ಎಂಬ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿದರು. ಬುಳಬುಳ ಅಂತ ಗುಳ್ಳೆ ಎದ್ದವು. ಆ ಗಾಳಿಯನ್ನು ಹಿಡಿದು ಬೆಂಕಿ ತಾಗಿಸಿದರೆ ಹತ್ತಿಕೊಂಡಿತು! ಅದೇ ಮೀಥೇನ್. ನೀರಿನಡಿ ಗಾಳಿ ಸಿಗದೆ ಕೊಳೆಯುವ ಸೊಪ್ಪುಸದೆಯಿಂದ ಸೂಕ್ಷ್ಮಜೀವಿಗಳು ಇದನ್ನು ಉಂಟುಮಾಡುತ್ತವೆ.

1800ರಲ್ಲಿ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ ವೋಲ್ಟಾ 1827ರಲ್ಲಿ ತೀರಿಕೊಂಡರು.

ಅವರು ಹಿಡಿದ ಅನಿಲವೇ ಫಿನ್ಲೆಂಡ್, ಕೆನಡಾ, ರಷ್ಯಾದ ಚಳಿಸೀಮೆಯ ಜೌಗು ಕಾಡುಗಳಿಂದಲೂ ಏಳುತ್ತದೆ, ಭೂಮಿಯ ಬಿಸಿ ಹೆಚ್ಚಿಸುತ್ತದೆ. ಹಾಗಂತ ನೀರು ಬಸಿದು ಒಣಗಿಸಿದರೆ ಇನ್ನೊಂದು ಕಷ್ಟ! ಸಾವಿರಾರು ವರ್ಷದಿಂದ ಕೂಡಿದ್ದ ಪಾಚಿ, ಸೊಪ್ಪು ಗಾಳಿ ತಾಗಿ ಕೊಳೆತು, ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಅದಕ್ಕೇ ಆ ಕಾಡಿನ ನೀರು ಕಾಡಿನಲ್ಲೇ ಇರಬೇಕು.