ಜಾನ್ ಮಾರ್ಷಲ್: ತಲುಪದ ನೇಮಕಪತ್ರ ಮತ್ತು ನ್ಯಾಯಾಂಗದ ಅಧಿಕಾರ

ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನಾಲ್ಕನೆಯ ಮುಖ್ಯ ನ್ಯಾಯಾಧೀಶನಾದ ಜಾನ್ ಮಾರ್ಷಲ್‌ನನ್ನು ಸಂವಿಧಾನದ ನಿಷ್ಪಕ್ಷಪಾತ ವ್ಯಾಖ್ಯಾನಕಾರನೆಂದು ಚಿತ್ರಿಸುವುದು ರೂಢಿ. ಆದರೆ ಅವನಿಗೆ ಕೀರ್ತಿ ತಂದ ತೀರ್ಪಿನ ಹಿಂದೆ ಅವನ ಪಕ್ಷದ ಚುನಾವಣಾ ಸೋಲೂ ಅವನದೇ ಒಂದು ಲೋಪವೂ ಇದ್ದವು ಎಂಬುದನ್ನು ಮರೆಯಲಾಗದು.

1755ರಲ್ಲಿ ವರ್ಜೀನಿಯದಲ್ಲಿ ಹದಿನೈದು ಮಕ್ಕಳಲ್ಲಿ ಹಿರಿಯನಾಗಿ ಜನಿಸಿದ ಮಾರ್ಷಲ್‌ಗೆ ದೊರೆತ ಕ್ರಮಬದ್ಧ ಶಿಕ್ಷಣ ಅತ್ಯಲ್ಪ. ಸ್ವಾತಂತ್ರ್ಯಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್‌ನ ಸೈನ್ಯದೊಡನೆ ವ್ಯಾಲಿ ಫೋರ್ಜ್‌ನ ಚಳಿಗಾಲವನ್ನು ಕಳೆದನು. ಅನ್ನ ಬಟ್ಟೆಗಳಿಲ್ಲದೆ ಸೈನಿಕರು ನರಳಿದ್ದನ್ನು ಕಂಡವನು ಪ್ರಬಲ ಕೇಂದ್ರ ಸರ್ಕಾರವನ್ನು ಬಯಸಿ ಫೆಡರಲಿಸ್ಟ್ ಪಕ್ಷದಲ್ಲಿ ನಿಂತದ್ದು ಸಹಜವೇ.

1800ರ ಅಧ್ಯಕ್ಷೀಯ ಚುನಾವಣೆಯ ವೇಳೆಗೆ ಅವನು ಅಧ್ಯಕ್ಷ ಜಾನ್ ಆಡಮ್ಸ್‌ನ ವಿದೇಶಾಂಗ ಕಾರ್ಯದರ್ಶಿಯಾಗಿದ್ದನು. ಅಂದಿನ ನಿಯಮದಂತೆ ಪ್ರತಿಯೊಬ್ಬ ಚುನಾಯಕನೂ ಅಧ್ಯಕ್ಷನಿಗೆ ಇದು, ಉಪಾಧ್ಯಕ್ಷನಿಗೆ ಇದು ಎಂದು ಬೇರ್ಪಡಿಸದೆ ಎರಡು ಮತಗಳನ್ನು ನೀಡಬೇಕಿತ್ತು. ಹೀಗಾಗಿ ಒಂದೇ ಪಕ್ಷದ ಥಾಮಸ್ ಜೆಫರ್ಸನ್ ಹಾಗೂ ಆರನ್ ಬರ್ ಇಬ್ಬರಿಗೂ 73 ಮತಗಳು ಬಂದವು. ಆಡಮ್ಸ್‌ಗೆ ದೊರೆತವು 65. ನಿರ್ಣಯವು ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದು ಮತ. ಹದಿನಾರು ರಾಜ್ಯಗಳಲ್ಲಿ ಒಂಬತ್ತರ ಬೆಂಬಲ ಬೇಕಿತ್ತು. 1801ರ ಫೆಬ್ರವರಿ 17ರಂದು, 36ನೆಯ ಸುತ್ತಿನಲ್ಲಿ ಜೆಫರ್ಸನ್ ಗೆದ್ದನು. ಅವನು ಮಾರ್ಷಲ್‌ನ ದೂರದ ಸಂಬಂಧಿ. ರಾಜಕೀಯದಲ್ಲಿ ಮಾತ್ರ ಕೊನೆಯವರೆಗೂ ವೈರಿ.

ಸೋತ ಪಕ್ಷವು ನ್ಯಾಯಾಂಗದಲ್ಲಿ ನೆಲೆ ಹುಡುಕಿತು. ಫೆಬ್ರವರಿ 4ರಂದೇ ಮುಖ್ಯ ನ್ಯಾಯಾಧೀಶನಾಗಿ ಪ್ರಮಾಣವಚನ ಸ್ವೀಕರಿಸಿದ್ದ ಮಾರ್ಷಲ್, ಆಡಮ್ಸ್‌ನ ಅವಧಿ ಮುಗಿಯುವವರೆಗೂ ಕಾರ್ಯದರ್ಶಿಯ ಕೆಲಸವನ್ನು ಬಿಡಲಿಲ್ಲ. ಇಂದು ಇದು ವಿಚಿತ್ರವೆನಿಸುತ್ತದೆ. ಕೊನೆಯ ಗಳಿಗೆಯ ನೇಮಕಪತ್ರಗಳಿಗೆ ಮುದ್ರೆಯೊತ್ತಿಸುವ ಹೊಣೆ ಅವನದೇ. ಅವಸರದಲ್ಲಿ ಕೆಲವು ಪತ್ರಗಳು ಕಚೇರಿಯಲ್ಲೇ ಉಳಿದವು. ರಾಜಧಾನಿಯ ಕಿರಿಯ ನ್ಯಾಯಾಧೀಶ ಹುದ್ದೆಗೆ ನೇಮಕವಾಗಿದ್ದ ವಿಲಿಯಂ ಮಾರ್ಬರಿಯ ಪತ್ರವೂ ಅವುಗಳಲ್ಲಿತ್ತು. ಹೊಸ ಸರ್ಕಾರ ಅದನ್ನು ಕೊಡಲೊಪ್ಪದಿರಲು ಮಾರ್ಬರಿ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕನು.

ತಾನೇ ಸಾಕ್ಷಿಯಾಗಬಹುದಾಗಿದ್ದ ಮೊಕದ್ದಮೆಯಿಂದ ಮಾರ್ಷಲ್ ಹಿಂದೆ ಸರಿಯಲಿಲ್ಲ. ಪತ್ರ ಕೊಡುವಂತೆ ಆಜ್ಞಾಪಿಸಿದರೆ ಹೊಸ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ ಅದನ್ನು ಕಡೆಗಣಿಸುವ ಸಂಭವವಿತ್ತು. ಸುಮ್ಮನಿದ್ದರೆ ನ್ಯಾಯಾಲಯವು ಅಂಜಿತೆಂದಾಗುತ್ತಿತ್ತು. 1803ರ ಫೆಬ್ರವರಿ 24ರ ತೀರ್ಪಿನಲ್ಲಿ ಅವನು ಮಾರ್ಬರಿಗೆ ಪತ್ರದ ಮೇಲೆ ಹಕ್ಕಿದೆಯೆಂದು ಒಪ್ಪಿದನು. ಆದರೆ ಇಂಥ ಅರ್ಜಿಯನ್ನು ನೇರವಾಗಿ ವಿಚಾರಿಸುವ ಅಧಿಕಾರವನ್ನು ತನ್ನ ನ್ಯಾಯಾಲಯಕ್ಕೆ ನೀಡಿದ್ದ 1789ರ ಕಾಯಿದೆಯ 13ನೆಯ ಕಲಂ ಸಂವಿಧಾನಕ್ಕೆ ವಿರುದ್ಧವಾದುದರಿಂದ ಅಸಿಂಧುವೆಂದು ಸಾರಿದನು. ಹೀಗೆ ಸಣ್ಣದೊಂದು ಅಧಿಕಾರವನ್ನು ಬಿಟ್ಟುಕೊಟ್ಟು ಶಾಸನಗಳನ್ನೇ ಅಸಿಂಧುಗೊಳಿಸುವ ಅಧಿಕಾರವನ್ನು ಸ್ಥಾಪಿಸಿದನು. ಜೆಫರ್ಸನ್‌ಗೆ ಉಲ್ಲಂಘಿಸಲು ಆಜ್ಞೆಯೇ ಇರಲಿಲ್ಲ. ಆ ಕಲಮನ್ನು ಸಂವಿಧಾನಕ್ಕೆ ಹೊಂದುವಂತೆಯೂ ಅರ್ಥೈಸಬಹುದಿತ್ತು. ಮಾರ್ಷಲ್ ಹಾಗೆ ಮಾಡದಿದ್ದುದರಲ್ಲಿ ನ್ಯಾಯಪಾಂಡಿತ್ಯದಷ್ಟೇ ರಾಜಕೀಯ ಚಾತುರ್ಯವೂ ಇದೆಯೆಂದು ನನ್ನ ಅಭಿಪ್ರಾಯ.

ಮಾರ್ಬರಿಗೆ ಹುದ್ದೆ ದೊರೆಯಲಿಲ್ಲ. ಮುಂದೆ ಮಾರ್ಷಲ್ ವಾಷಿಂಗ್ಟನ್‌ನ ಜೀವನಚರಿತ್ರೆಯನ್ನು ಐದು ಸಂಪುಟಗಳಲ್ಲಿ ಬರೆದನು. 1819ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಮೊಕದ್ದಮೆಯಲ್ಲಿ ಕೇಂದ್ರದ ಅಧಿಕಾರವನ್ನು ವಿಸ್ತರಿಸಿದನು. ನಾಗರಿಕ ಹಕ್ಕುಗಳ ಬಗ್ಗೆ ಬರೆದ ಇವನು ಬದುಕಿನುದ್ದಕ್ಕೂ ಗುಲಾಮರ ಒಡೆಯನಾಗಿದ್ದನು. 34 ವರ್ಷಗಳ ಕಾಲ ಪೀಠದಲ್ಲಿದ್ದು 1835ರ ಜುಲೈ 6ರಂದು ಫಿಲಡೆಲ್ಫಿಯದಲ್ಲಿ ತೀರಿಕೊಂಡನು. ಅಷ್ಟು ವರ್ಷಗಳಲ್ಲಿ ಅವನ ನ್ಯಾಯಾಲಯ ಕಾಂಗ್ರೆಸ್ಸಿನ ಇನ್ನೊಂದು ಕಾಯಿದೆಯನ್ನು ಅಸಿಂಧುಗೊಳಿಸಲಿಲ್ಲ.