ಸಾಗರದಾಳದ ಶಕ್ತಿಗೆ ಬುನಾದಿ ಹಾಕಿದ ರಾಜಾ ರಾಮಣ್ಣ

ಕಪಿಲೆಯ ನಾಲೆ ನೀರಿನಲ್ಲಿ ಭತ್ತ ಬೆಳೆಯುವ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಗೂ ಸಮುದ್ರಕ್ಕೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದು. ಆದರೆ ಅದೇ ಮೈಸೂರು ಜಿಲ್ಲೆಯ ಇಲವಾಲದ ಬಳಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ಯುರೇನಿಯಂ ಘಟಕವಿದೆ. ದೇಶದ ಪರಮಾಣು ಚಾಲಿತ ಜಲಾಂತರ್ಗಾಮಿಗಳಿಗೆ ಇಂಧನ ಒದಗುವುದು ಇಲ್ಲಿಂದಲೇ ಎಂಬುದು ರಕ್ಷಣಾ ತಜ್ಞರ ಅಭಿಪ್ರಾಯ. ಸರ್ಕಾರ ಮಾತ್ರ ಈ ವಿಷಯದಲ್ಲಿ ಮಿತಭಾಷಿ. ಈ ಕಥೆಯ ಆರಂಭದ ಪುಟಗಳಲ್ಲಿ ಎದ್ದು ಕಾಣುವ ಹೆಸರು ಕನ್ನಡನಾಡಿನ ಭೌತವಿಜ್ಞಾನಿ ಡಾ. ರಾಜಾ ರಾಮಣ್ಣ ಅವರದು.

1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಜನಿಸಿದ ರಾಮಣ್ಣ ಅವರ ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದರು. ಬೆಂಗಳೂರಿನಲ್ಲಿ ಶಾಲಾ ಶಿಕ್ಷಣ, ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್. ಬಾಲ್ಯದಲ್ಲೇ ಒಲಿದ ಪಿಯಾನೊ ಕಡೆಯವರೆಗೂ ಅವರ ಸಂಗಾತಿಯಾಗಿತ್ತು. 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದ ಅವರು 1972ರಲ್ಲಿ ಬಿಎಆರ್‌ಸಿ ನಿರ್ದೇಶಕರಾದರು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಮೊದಲ ಪರಮಾಣು ಸ್ಫೋಟ ಅವರ ಹೆಸರನ್ನು ಮನೆಮಾತಾಗಿಸಿತು.

ಅಷ್ಟಾಗಿ ಬೆಳಕಿಗೆ ಬಾರದ ಕೆಲಸವೆಂದರೆ ಜಲಾಂತರ್ಗಾಮಿಯದು. ಸಾಮಾನ್ಯ ಡೀಸೆಲ್ ಜಲಾಂತರ್ಗಾಮಿ ಬ್ಯಾಟರಿ ತುಂಬಿಕೊಳ್ಳಲು ಆಗಾಗ ಮೇಲ್ಮೈಯ ಸಮೀಪಕ್ಕೆ ಬರಲೇಬೇಕು; ಶತ್ರುವಿನ ಕಣ್ಣಿಗೆ ಬೀಳುವುದೂ ಆಗಲೇ. ಪರಮಾಣು ರಿಯಾಕ್ಟರಿಗೆ ಗಾಳಿ ಬೇಡ. ತಿಂಗಳುಗಟ್ಟಲೆ ಆಳದಲ್ಲಿ ಅಡಗಿರುವ ಇಂಥ ನೌಕೆಯಲ್ಲಿ ಕ್ಷಿಪಣಿಗಳಿದ್ದರೆ, ನೆಲದ ಮೇಲಿನ ಅಸ್ತ್ರಗಳೆಲ್ಲ ನಾಶವಾದರೂ ತಿರುಗೇಟು ನೀಡುವ ಶಕ್ತಿ ಉಳಿಯುತ್ತದೆ. ಮೊದಲು ಪರಮಾಣು ಅಸ್ತ್ರ ಬಳಸುವುದಿಲ್ಲವೆಂದು ಘೋಷಿಸಿಕೊಂಡ ದೇಶಕ್ಕೆ ಇದು ಅತ್ಯಗತ್ಯ.

ತೊಡಕು ಇದ್ದುದು ರಿಯಾಕ್ಟರಿನಲ್ಲಿ. ನೈಸರ್ಗಿಕ ಯುರೇನಿಯಂನಲ್ಲಿ ವಿದಳನಗೊಳ್ಳುವ ಯು-235 ಶೇ 0.7ರಷ್ಟು ಮಾತ್ರ. ಅದನ್ನು ನಂಬಿದರೆ ರಿಯಾಕ್ಟರು ಭಾರೀ ಗಾತ್ರದ್ದಾಗುತ್ತದೆ, ನೌಕೆಯ ಒಡಲಲ್ಲಿ ಹಿಡಿಸದು. ಆದ್ದರಿಂದ ಆ ಪ್ರಮಾಣವನ್ನು ಹೆಚ್ಚಿಸಿದ ಸಂಪುಷ್ಟ ಯುರೇನಿಯಂ ಬೇಕು; ಅದನ್ನು ಯಾವ ದೇಶವೂ ಕೊಡಲು ಸಿದ್ಧವಿರಲಿಲ್ಲ. ರಾಮಣ್ಣ ಅವರ ಅವಧಿಯಲ್ಲಿ ಬಿಎಆರ್‌ಸಿ ರೂಪಿಸಿದ ಆರಂಭಿಕ ವಿನ್ಯಾಸಗಳಿಗೆ ನೌಕಾಪಡೆಯ ಅಧಿಕಾರಿಗಳಿಂದಲೇ ಆಕ್ಷೇಪ ಬಂದಿತು. ಪೋಖ್ರಾನ್‌ನ ಯಶಸ್ಸನ್ನು ಕೊಂಡಾಡುವವರು ಈ ಹಿನ್ನಡೆಯನ್ನು ಮರೆಯುವುದುಂಟು. ಆ ವರ್ಷಗಳು ವ್ಯರ್ಥವಾದವೆಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಇಂಧನವೇ ಕೈಯಲ್ಲಿಲ್ಲದೆ ವಿನ್ಯಾಸ ಎಷ್ಟು ದೂರ ಸಾಗೀತು?

1978ರಲ್ಲಿ ಅವರು ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿ ಡಿಆರ್‌ಡಿಒ ಮುಖ್ಯಸ್ಥರಾದರು. 1981ರಲ್ಲಿ ಮತ್ತೆ ಬಿಎಆರ್‌ಸಿಗೆ ಮರಳಿ, 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಯುರೇನಿಯಂ ಸಂಪುಷ್ಟೀಕರಣ ಭಾರತಕ್ಕೆ ಕೈಗೂಡಿದೆಯೆಂದು 1986ರ ನವೆಂಬರಿನಲ್ಲಿ ಪ್ರಕಟಿಸಿದವರು ಅವರೇ. ಮೈಸೂರಿನ ಘಟಕ ತಲೆಯೆತ್ತಿದ್ದು ಅದರ ಬೆನ್ನಿಗೆ. 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಗುತ್ತಿಗೆಗೆ ಪಡೆದ ಐಎನ್‌ಎಸ್ ಚಕ್ರ ನೌಕಾಪಡೆಯ ಸೇವೆಯಲ್ಲಿದ್ದಾಗಲೇ, 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ರಾಮಣ್ಣ ರಕ್ಷಣಾ ಖಾತೆಯ ರಾಜ್ಯ ಸಚಿವರಾದರು. ಮರುವರ್ಷ ಆ ನೌಕೆ ಹಿಂದಿರುಗಿತು.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಕಟ್ಟಿ ಬೆಳೆಸಿದ್ದು, 1997ರಿಂದ ರಾಜ್ಯಸಭೆಯ ಸದಸ್ಯರಾಗಿದ್ದು ಅವರ ನಂತರದ ಅಧ್ಯಾಯ. ಪಾಶ್ಚಾತ್ಯ ಸಂಗೀತ ಮತ್ತು ರಾಗಪದ್ಧತಿಯ ರಚನೆಯನ್ನು ಕುರಿತು ಅವರೊಂದು ಪುಸ್ತಕವನ್ನೇ ಬರೆದರು.

ನೌಕೆಯ ರಿಯಾಕ್ಟರಿನ ಮಾದರಿ ಕಲ್ಪಾಕ್ಕಂನಲ್ಲಿ 2003ರಲ್ಲಿ ಚಾಲನೆಗೊಂಡಿತು. 2004ರ ಸೆಪ್ಟೆಂಬರ್ 24ರಂದು ರಾಮಣ್ಣ ಮುಂಬೈಯಲ್ಲಿ ನಿಧನರಾದರು. ಐದು ವರ್ಷಗಳ ತರುವಾಯ, 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ಅರಿಹಂತ್ ನೀರಿಗಿಳಿಯಿತು. 2018ರಲ್ಲಿ ಅದು ಮೊದಲ ಪ್ರತಿಬಂಧಕ ಗಸ್ತು ಮುಗಿಸಿತು. 2024ರ ಆಗಸ್ಟ್‌ನಲ್ಲಿ ಅರಿಘಾತ್ ಅದರ ಜೊತೆಗೂಡಿತು.