ಹೆರಾಲ್ಡ್ ವ್ಯಾಗ್‌ಸ್ಟಾಫ್

ಹೆರಾಲ್ಡ್ ವ್ಯಾಗ್‌ಸ್ಟಾಫ್ (19 ಮೇ 1891 – 19 ಜುಲೈ 1939) ಇಂಗ್ಲೆಂಡಿನ ರಗ್ಬಿ ಲೀಗ್ ಆಟಗಾರ. ಹಡರ್ಸ್‌ಫೀಲ್ಡ್ ಕ್ಲಬ್ಬಿನ ಮತ್ತು ಗ್ರೇಟ್ ಬ್ರಿಟನ್ ತಂಡದ ನಾಯಕರಾಗಿದ್ದ ಅವರು ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದರು. ಆ ಸ್ಥಾನದ ಆಟಗಾರರಲ್ಲಿ ರಾಜಕುಮಾರ ಎಂಬ ಅರ್ಥದ ಬಿರುದು ಅವರಿಗೆ ಸಂದಿತ್ತು. ಚೆಂಡನ್ನು ಕಳೆದುಕೊಳ್ಳದೆ ನಿಧಾನವಾಗಿ ಮುಂದೆ ಸಾಗುವುದೇ ಸುರಕ್ಷಿತವೆಂದು ಭಾವಿಸಲಾಗಿದ್ದ ಕಾಲದಲ್ಲಿ, ಮೈದಾನದ ಯಾವುದೇ ಭಾಗದಿಂದಲೂ ಪಾಸ್‌ಗಳ ಮೂಲಕ ದಾಳಿ ನಡೆಸುವ ಆಟವನ್ನು ಅವರ ತಂಡ ರೂಢಿಗೆ ತಂದಿತು. ಆದರೆ ಅವರ ಹೆಸರು ಹೆಚ್ಚು ನೆನಪಿನಲ್ಲಿ ಉಳಿದಿರುವುದು 1914ರಲ್ಲಿ ಸಿಡ್ನಿಯಲ್ಲಿ ನಡೆದ ಒಂದು ರಕ್ಷಣಾತ್ಮಕ ಪಂದ್ಯದಿಂದ.

ಹಿನ್ನೆಲೆ

ವ್ಯಾಗ್‌ಸ್ಟಾಫ್ ಅವರ ಆಟದ ಮಹತ್ವವನ್ನು ತಿಳಿಯಲು ಆ ಕಾಲದ ನಿಯಮಗಳ ಪರಿಚಯ ಅಗತ್ಯ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ರಗ್ಬಿ ಯೂನಿಯನ್ನಿನಿಂದ ಹೊರಬಂದು 'ನಾರ್ದರ್ನ್ ಯೂನಿಯನ್' ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಗಣಿ ಮತ್ತು ಗಿರಣಿಗಳಲ್ಲಿ ದುಡಿಯುತ್ತಿದ್ದ ಆಟಗಾರರು ಪಂದ್ಯಕ್ಕಾಗಿ ಕೆಲಸ ಬಿಟ್ಟು ಬಂದಾಗ ಕಳೆದುಕೊಳ್ಳುವ ಕೂಲಿಯನ್ನು ತುಂಬಿಕೊಡಬೇಕೆ ಎಂಬುದೇ ವಿವಾದದ ಮೂಲವಾಗಿತ್ತು. ಹೊಸ ಸಂಸ್ಥೆ ಪ್ರೇಕ್ಷಕರ ಟಿಕೆಟ್ ಹಣವನ್ನು ನಂಬಿ ಬದುಕಬೇಕಾಗಿದ್ದುದರಿಂದ ಆಟವನ್ನು ಹೆಚ್ಚು ಆಕರ್ಷಕವಾಗಿಸುವ ಒತ್ತಡ ಅದರ ಮೇಲಿತ್ತು. 1897ರಲ್ಲಿ ಲೈನ್-ಔಟ್ ರದ್ದಾಯಿತು. 1906ರಲ್ಲಿ ತಂಡದ ಆಟಗಾರರ ಸಂಖ್ಯೆಯನ್ನು 15ರಿಂದ 13ಕ್ಕೆ ಇಳಿಸಲಾಯಿತು. ಟ್ಯಾಕಲ್‌ಗೆ ಸಿಕ್ಕ ಆಟಗಾರ ಎದ್ದುನಿಂತು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಆಡುವ 'ಪ್ಲೇ-ದ-ಬಾಲ್' ನಿಯಮವೂ ಅದೇ ವರ್ಷ ಜಾರಿಗೆ ಬಂತು.

ಈ ಬದಲಾವಣೆಗಳಿಂದ ಮೈದಾನದಲ್ಲಿ ಖಾಲಿ ಜಾಗ ಹೆಚ್ಚಿತು. ಆದರೂ ಅದನ್ನು ಬಳಸಿಕೊಳ್ಳಲೇಬೇಕೆಂಬ ನಿಯಮವೇನೂ ಇರಲಿಲ್ಲ. ಒಂದು ತಂಡ ಎಷ್ಟು ಟ್ಯಾಕಲ್‌ಗಳವರೆಗೆ ಚೆಂಡನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಆಗ ಮಿತಿಯೇ ಇರಲಿಲ್ಲ. ನಾಲ್ಕು ಟ್ಯಾಕಲ್‌ಗಳ ಮಿತಿ ಬಂದದ್ದು 1966ರಲ್ಲಿ, ಆರು ಟ್ಯಾಕಲ್‌ಗಳ ಮಿತಿ ಬಂದದ್ದು 1972ರಲ್ಲಿ. ಆದ್ದರಿಂದ ಬಲಿಷ್ಠ ಫಾರ್ವರ್ಡ್‌ಗಳಿರುವ ತಂಡವೊಂದು ಸ್ಕ್ರಮ್‌ನಲ್ಲಿ ಚೆಂಡು ಗೆದ್ದು, ಅದನ್ನು ಕೈಬಿಡದೆ ಅಡಿ ಅಡಿಯಾಗಿ ಮುಂದೆ ಸಾಗುತ್ತ ಎದುರಾಳಿಯನ್ನು ದಣಿಸಬಹುದಿತ್ತು. ಅಗಲವಾಗಿ ಪಾಸ್ ಮಾಡುವುದರಲ್ಲಿ ಅಪಾಯ ಹೆಚ್ಚು. ತಮ್ಮದೇ ಗೆರೆಯ ಬಳಿ ಒಂದು ಪಾಸ್ ಕೈತಪ್ಪಿದರೆ ಅಥವಾ ಎದುರಾಳಿಯ ಕೈಸೇರಿದರೆ ಟ್ರೈಗೆ ಮೂರು, ಅದರ ಮೇಲಿನ ಗೋಲಿಗೆ ಎರಡು, ಒಟ್ಟು ಐದು ಅಂಕ ಕೈಬಿಟ್ಟಂತೆ. ಇಡೀ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಹತ್ತು ಅಂಕ ಗಳಿಸುವುದೂ ಕೆಲವೊಮ್ಮೆ ಕಷ್ಟವಾಗಿದ್ದ ದಿನಗಳಲ್ಲಿ ಇದು ಸಣ್ಣ ನಷ್ಟವಲ್ಲ.

ಆರಂಭಿಕ ಜೀವನ

ವ್ಯಾಗ್‌ಸ್ಟಾಫ್ ಯಾರ್ಕ್‌ಶೈರ್‌ನ ಹೋಮ್‌ಫರ್ತ್ ಪಟ್ಟಣದ ಅಂಡರ್‌ಬ್ಯಾಂಕ್ ಎಂಬಲ್ಲಿ ಜನಿಸಿದರು. ಸ್ಥಳೀಯ ಅಂಡರ್‌ಬ್ಯಾಂಕ್ ರೇಂಜರ್ಸ್ ತಂಡದಲ್ಲಿ ಆಡುತ್ತಿದ್ದಾಗಲೇ ಹಡರ್ಸ್‌ಫೀಲ್ಡ್ ಕ್ಲಬ್ಬಿನ ಕಣ್ಣಿಗೆ ಬಿದ್ದರು. ಒಪ್ಪಂದಕ್ಕೆ ಸಹಿ ಹಾಕಲು ಅವರಿಗೆ ದೊರೆತದ್ದು ಐದು ಚಿನ್ನದ ಸಾವರಿನ್ ನಾಣ್ಯಗಳು. 1906ರ ನವೆಂಬರಿನಲ್ಲಿ ಬ್ರಾಮ್ಲಿ ತಂಡದ ವಿರುದ್ಧ ಮೊದಲ ಪಂದ್ಯವಾಡಿದಾಗ ಅವರಿಗೆ 15 ವರ್ಷ ತುಂಬಿ ಆರು ತಿಂಗಳೂ ಆಗಿರಲಿಲ್ಲ. ಹೀಗೆ ಹದಿಮೂರು ಮಂದಿಯ ಆಟ ಮತ್ತು ಅವರ ವೃತ್ತಿಜೀವನ ಒಂದೇ ವರ್ಷ ಆರಂಭವಾದವು. ಹದಿನೈದು ಮಂದಿಯ ಹಳೆಯ ಇಕ್ಕಟ್ಟಿನ ಆಟವನ್ನು ವೃತ್ತಿಪರನಾಗಿ ಅವರು ಆಡಲೇ ಇಲ್ಲ ಎಂಬುದು ಗಮನಾರ್ಹ.

1908ರಲ್ಲಿ, 17ನೆಯ ವಯಸ್ಸಿನಲ್ಲಿ, ಯಾರ್ಕ್‌ಶೈರ್ ಕೌಂಟಿಯ ಪರ ಆಡಿದರು. 1909ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿರುದ್ಧ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದಾಗಲೂ ಅವರಿಗೆ 18 ತುಂಬಿರಲಿಲ್ಲ. 1911ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಹಡರ್ಸ್‌ಫೀಲ್ಡ್ ತಂಡದ ನಾಯಕತ್ವ ಅವರ ಪಾಲಿಗೆ ಬಂತು.

ಹಡರ್ಸ್‌ಫೀಲ್ಡ್ ಮತ್ತು ದಾಳಿಯ ಆಟ

ಫಾರ್‌ಟೌನ್ ಮೈದಾನದಲ್ಲಿ ಆಡುತ್ತಿದ್ದ ಹಡರ್ಸ್‌ಫೀಲ್ಡ್ ಆ ವರ್ಷಗಳಲ್ಲಿ ದೂರದ ಊರುಗಳಿಂದಲೂ ಆಟಗಾರರನ್ನು ಕರೆತಂದಿತ್ತು. ಆಸ್ಟ್ರೇಲಿಯಾದಿಂದ ವಿಂಗರ್ ಆಲ್ಬರ್ಟ್ ರೋಸನ್‌ಫೆಲ್ಡ್, ನ್ಯೂಜಿಲೆಂಡಿನಿಂದ ಎಡ್ಗರ್ ರಿಗ್ಲಿ, ವೇಲ್ಸ್‌ನಿಂದ ಬೆನ್ ಗ್ರೋನೋ ಮತ್ತು ಜಾನಿ ರಾಜರ್ಸ್, ಕಂಬರ್‌ಲೆಂಡಿನಿಂದ ಕುಸ್ತಿಪಟುವೂ ಆಗಿದ್ದ ಫಾರ್ವರ್ಡ್ ಡಗ್ಲಸ್ ಕ್ಲಾರ್ಕ್ ಬಂದಿದ್ದರು. ಸಕಲ ಪ್ರತಿಭೆಗಳ ತಂಡ ಎಂಬ ಹೆಸರು ಅದಕ್ಕೆ ಬಂದದ್ದು ಹೀಗೆ.

ಚೆಂಡು ಸಿಕ್ಕರೆ ಒದೆಯುವುದಕ್ಕಿಂತ ಪಾಸ್ ಮಾಡುವುದು ಮೇಲು ಎಂಬುದು ಈ ತಂಡದ ನಿಲುವಾಗಿತ್ತು. ಫಾರ್ವರ್ಡ್‌ಗಳೂ ಬ್ಯಾಕ್‌ಗಳಂತೆ ಓಡಿ ಪಾಸ್ ಮಾಡುತ್ತಿದ್ದರು. ವ್ಯಾಗ್‌ಸ್ಟಾಫ್ ಅವರ ವೈಶಿಷ್ಟ್ಯವಿದ್ದದ್ದು ಬರಿಯ ವೇಗದಲ್ಲಲ್ಲ, ಸಮಯಪ್ರಜ್ಞೆಯಲ್ಲಿ. ಎದುರಾಳಿಯನ್ನು ತನ್ನತ್ತ ಸೆಳೆದು, ಅವನು ಮುಗಿಬೀಳುವ ಕೊನೆಯ ಕ್ಷಣದವರೆಗೆ ಚೆಂಡನ್ನು ಹಿಡಿದಿಟ್ಟುಕೊಂಡು, ಪಕ್ಕದವನಿಗೆ ದಾರಿ ತೆರೆದ ಮೇಲೆಯೇ ಅದನ್ನು ಬಿಟ್ಟುಕೊಡುತ್ತಿದ್ದರು. ಎಲ್ಲರೂ ಹೊರಗಿನ ವಿಂಗರ್‌ನ ಕಡೆಗೆ ಪಾಸ್ ಹೋಗುವುದೆಂದು ನಿರೀಕ್ಷಿಸುತ್ತಿರುವಾಗ ಒಳಗಡೆಗೆ ತಿರುಗಿಸಿ ದಾಳಿಯ ದಿಕ್ಕನ್ನೇ ಬದಲಿಸುವುದೂ ಅವರ ರೀತಿಯಾಗಿತ್ತು. ಹೊರಗಿನಿಂದ ನೋಡುವವರಿಗೆ ದುಸ್ಸಾಹಸವೆಂದು ಕಾಣುತ್ತಿದ್ದ ಆಟ ವಾಸ್ತವವಾಗಿ ಲೆಕ್ಕಾಚಾರದ ಆಟವಾಗಿತ್ತು. ಪಾಸ್ ಪಡೆಯುವವನ ಬೆನ್ನಿಗೆ ಇನ್ನೊಬ್ಬ ಸದಾ ಓಡಿಬರುತ್ತಿದ್ದುದರಿಂದ ಅಪಾಯ ಮೇಲ್ನೋಟಕ್ಕೆ ಕಂಡಷ್ಟು ದೊಡ್ಡದಾಗಿರುತ್ತಿರಲಿಲ್ಲ.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ, ಆದರೆ ಬಹುಪಾಲು ಬೇರೆಯವರ ಹೆಸರಿನಲ್ಲಿ. ರೋಸನ್‌ಫೆಲ್ಡ್ 1911–12ರಲ್ಲಿ 78 ಮತ್ತು 1913–14ರಲ್ಲಿ 80 ಟ್ರೈಗಳನ್ನು ಗಳಿಸಿದರು. ಒಂದು ಋತುವಿನ 80 ಟ್ರೈಗಳ ಆ ದಾಖಲೆಯನ್ನು ಬ್ರಿಟಿಷ್ ಆಟದಲ್ಲಿ ಇಂದಿಗೂ ಯಾರೂ ಮುರಿದಿಲ್ಲ. ವ್ಯಾಗ್‌ಸ್ಟಾಫ್ ಸುಮಾರು ಎರಡು ದಶಕಗಳಲ್ಲಿ ಹಡರ್ಸ್‌ಫೀಲ್ಡ್ ಪರ ಗಳಿಸಿದ ಟ್ರೈಗಳು 175. ಇದು ಕಡಿಮೆಯೇನಲ್ಲ, ಆದರೆ ಗೆರೆಯಾಚೆ ಚೆಂಡಿಡುವವನಿಗಿಂತ ಅದಕ್ಕೆ ದಾರಿ ಮಾಡಿಕೊಡುವವನ ಕೆಲಸ ಅಂಕಪಟ್ಟಿಯಲ್ಲಿ ಸೇರುವುದಿಲ್ಲ.

ಹಡರ್ಸ್‌ಫೀಲ್ಡ್ 1911–12 ಮತ್ತು 1912–13ರಲ್ಲಿ ಚಾಂಪಿಯನ್‌ಷಿಪ್ ಗೆದ್ದಿತು. 1913ರಲ್ಲಿ ವಾರಿಂಗ್ಟನ್ ತಂಡವನ್ನು 9–5ರಿಂದ ಸೋಲಿಸಿ ಚಾಲೆಂಜ್ ಕಪ್ಪನ್ನೂ ಪಡೆಯಿತು. ದಾಳಿಯ ಆಟಕ್ಕೆ ಉತ್ತರವೇ ಇರಲಿಲ್ಲವೆಂದಲ್ಲ. 1913–14ರಲ್ಲಿ ಲೀಗ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಹಡರ್ಸ್‌ಫೀಲ್ಡ್, ಚಾಂಪಿಯನ್‌ಷಿಪ್ ಫೈನಲಿನಲ್ಲಿ ಬಿಗಿಯಾದ ರಕ್ಷಣೆಯ ಸಾಲ್ಫೋರ್ಡ್ ಎದುರು 5–3ರಿಂದ ಸೋತಿತು. ರೋಸನ್‌ಫೆಲ್ಡ್ 80 ಟ್ರೈ ಗಳಿಸಿದ್ದು ಇದೇ ಋತುವಿನಲ್ಲಿ.

1914–15ರಲ್ಲಿ ತಂಡ ತನ್ನ ಶಿಖರವನ್ನು ತಲುಪಿತು. 34 ಲೀಗ್ ಪಂದ್ಯಗಳಲ್ಲಿ ಸೋತದ್ದು ಎರಡು ಮಾತ್ರ. ಯಾರ್ಕ್‌ಶೈರ್ ಕಪ್ ಫೈನಲಿನಲ್ಲಿ ಹಲ್ ತಂಡವನ್ನು 31–0ರಿಂದ, ಚಾಂಪಿಯನ್‌ಷಿಪ್ ಫೈನಲಿನಲ್ಲಿ ಲೀಡ್ಸ್ ತಂಡವನ್ನು 35–2ರಿಂದ, ಚಾಲೆಂಜ್ ಕಪ್ ಫೈನಲಿನಲ್ಲಿ ಸೇಂಟ್ ಹೆಲೆನ್ಸ್ ತಂಡವನ್ನು 37–3ರಿಂದ ಸೋಲಿಸಿದ ಹಡರ್ಸ್‌ಫೀಲ್ಡ್, ಯಾರ್ಕ್‌ಶೈರ್ ಲೀಗನ್ನೂ ಗೆದ್ದುಕೊಂಡಿತು. ಮೂರು ಫೈನಲ್‌ಗಳಲ್ಲಿ ಅದು ಗಳಿಸಿದ ಅಂಕಗಳು 103, ಬಿಟ್ಟುಕೊಟ್ಟದ್ದು ಐದು. ಅಪಾಯದ ಆಟವಾಡುವ ತಂಡ ರಕ್ಷಣೆಯಲ್ಲಿ ಸಡಿಲವಾಗಿರುತ್ತದೆ ಎಂಬ ಆಕ್ಷೇಪಕ್ಕೆ ಈ ಐದು ಅಂಕಗಳೇ ಉತ್ತರ. ಒಂದೇ ಋತುವಿನಲ್ಲಿ ನಾಲ್ಕೂ ಕಪ್‌ಗಳನ್ನು ಗೆದ್ದ ತಂಡಗಳು ಮೂರೇ: 1907–08ರ ಹನ್ಸ್‌ಲೆಟ್, 1914–15ರ ಹಡರ್ಸ್‌ಫೀಲ್ಡ್, 1927–28ರ ಸ್ವಿಂಟನ್.

1914ರ ಸಿಡ್ನಿ ಟೆಸ್ಟ್

1914ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸಕ್ಕೆ ಹೊರಟ ಬ್ರಿಟಿಷ್ ತಂಡಕ್ಕೆ 23 ವರ್ಷದ ವ್ಯಾಗ್‌ಸ್ಟಾಫ್ ನಾಯಕರಾದರು. ಜೂನ್ 27ರ ಮೊದಲ ಟೆಸ್ಟನ್ನು ಬ್ರಿಟನ್ 23–5ರಿಂದ ಗೆದ್ದಿತು. ಎರಡೇ ದಿನಗಳ ನಂತರ ನಡೆದ ಎರಡನೆಯ ಟೆಸ್ಟ್ 12–7ರಿಂದ ಆಸ್ಟ್ರೇಲಿಯಾದ ಪಾಲಾಯಿತು. ಮೂರನೆಯ ಪಂದ್ಯವನ್ನು ಹಿಂದಕ್ಕೆ ತಂದು ಜುಲೈ 4ರಂದೇ ಸಿಡ್ನಿಯಲ್ಲಿ ಆಡಿಸಲು ಆಸ್ಟ್ರೇಲಿಯಾದ ಸಂಘಟಕರು ನಿರ್ಧರಿಸಿದರು. ಬ್ರಿಟಿಷ್ ಆಟಗಾರರಲ್ಲಿ ಹಲವರು ಗಾಯಗೊಂಡಿದ್ದರಿಂದ ವ್ಯವಸ್ಥಾಪಕರು ಪ್ರತಿಭಟಿಸಿದರು. ಇಂಗ್ಲೆಂಡಿನಿಂದ ತಂತಿಯಲ್ಲಿ ಬಂದ ಉತ್ತರ ಆಡಲೇಬೇಕೆಂದು ಆದೇಶಿಸಿತು. ಎಂಟು ದಿನಗಳೊಳಗೆ ಮೂರು ಟೆಸ್ಟ್‌ಗಳು.

ಆಗ ಬದಲಿ ಆಟಗಾರರಿಗೆ ಅವಕಾಶವಿರಲಿಲ್ಲ. ಪಂದ್ಯ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ವಿಂಗರ್ ಫ್ರಾಂಕ್ ವಿಲಿಯಮ್ಸ್ ಕಾಲಿಗೆ ಪೆಟ್ಟಾಯಿತು. ಅವರ ಜಾಗವನ್ನು ತುಂಬಲು ಫಾರ್ವರ್ಡ್ ಚಿಕ್ ಜಾನ್ಸನ್ ವಿಂಗ್‌ಗೆ ಹೋದರು. ಡಗ್ಲಸ್ ಕ್ಲಾರ್ಕ್ ಹೆಬ್ಬೆರಳು ಮುರಿದುಕೊಂಡು, ಅದಕ್ಕೆ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಆಡಿದರು. ಇಷ್ಟಾದರೂ ಮೊದಲಾರ್ಧ ಮುಗಿದಾಗ ಬ್ರಿಟನ್ 9–0 ಮುಂದಿತ್ತು. ಎರಡನೆಯ ಅರ್ಧದಲ್ಲಿ ಕ್ಲಾರ್ಕ್ ಅವರ ಕೊರಳೆಲುಬಿಗೆ ಏಟು ಬಿದ್ದು ಅವರು ಮೈದಾನ ಬಿಡಬೇಕಾಯಿತು. ವಿಲಿಯಮ್ಸ್ ಹೊರನಡೆದರು. ತಲೆಗೆ ಪೆಟ್ಟು ಬಿದ್ದು ಬಿಲ್ಲಿ ಹಾಲ್ ಕೂಡ ಹೊರಗಾದರು. ಹದಿಮೂರು ಮಂದಿಯ ಎದುರು ಹತ್ತೇ ಮಂದಿ ಸುಮಾರು ಅರ್ಧ ಗಂಟೆ ಆಡಬೇಕಾಗಿ ಬಂತು.

ದಾಳಿಯ ಆಟಕ್ಕೆ ಹೆಸರಾದ ನಾಯಕ ಈಗ ಅದಕ್ಕೆ ತದ್ವಿರುದ್ಧವಾದ ಆಟವನ್ನು ಆಡಿಸಬೇಕಾಗಿತ್ತು. ವ್ಯಾಗ್‌ಸ್ಟಾಫ್ ತಾವೇ ಮುಂದೆ ನಿಂತು ಒಂದರ ಮೇಲೊಂದು ಟ್ಯಾಕಲ್ ಮಾಡುತ್ತ ಉಳಿದವರನ್ನು ಹಿಡಿದು ನಿಲ್ಲಿಸಿದರು. ಆದರೆ ತಂಡ ಬರಿಯ ತಡೆಗೆ ಮಾತ್ರ ಸೀಮಿತವಾಗಲಿಲ್ಲ. ಒಂದು ಹಂತದಲ್ಲಿ ವ್ಯಾಗ್‌ಸ್ಟಾಫ್ ಎದುರಾಳಿಯ ಸಾಲನ್ನು ಭೇದಿಸಿ ಮುನ್ನುಗ್ಗಿ ಜಾನ್ಸನ್‌ಗೆ ಪಾಸ್ ಕೊಟ್ಟರು. ಓಟದಲ್ಲಿ ಅಷ್ಟೇನೂ ಚುರುಕಲ್ಲದ ಜಾನ್ಸನ್ ಚೆಂಡನ್ನು ನೆಲಕ್ಕೆ ಹಾಕಿ, ಫುಟ್‌ಬಾಲ್ ಆಟಗಾರನಂತೆ ಕಾಲಿನಲ್ಲೇ ಮುನ್ನಡೆಸಿಕೊಂಡು ಹೋಗಿ ಟ್ರೈ ಗಳಿಸಿದರು. ಹತ್ತು ಮಂದಿಯ ತಂಡದಿಂದ ಬಂದ ಆ ಟ್ರೈ, ಆಲ್ಫ್ ವುಡ್ ಅವರ ಗೋಲಿನೊಂದಿಗೆ, ಅಂಕವನ್ನು 14ಕ್ಕೆ ಏರಿಸಿತು. ಕೊನೆಯಲ್ಲಿ ಆಸ್ಟ್ರೇಲಿಯಾ ಎರಡು ಟ್ರೈ ಗಳಿಸಿದರೂ ಪಂದ್ಯ 14–6ರಿಂದ, ಸರಣಿ 2–1ರಿಂದ ಬ್ರಿಟನ್ ವಶವಾಯಿತು. 1879ರ ಜುಲು ಯುದ್ಧದಲ್ಲಿ ಸಣ್ಣ ಬ್ರಿಟಿಷ್ ಪಡೆಯೊಂದು ಭಾರಿ ಸೇನೆಯನ್ನು ತಡೆದು ನಿಂತ ಸ್ಥಳದ ನೆನಪಿನಲ್ಲಿ ಈ ಪಂದ್ಯಕ್ಕೆ 'ರೋರ್ಕ್ಸ್ ಡ್ರಿಫ್ಟ್ ಟೆಸ್ಟ್' ಎಂಬ ಹೆಸರು ನಿಂತಿತು.

ಯುದ್ಧಕಾಲ

ಪಂದ್ಯ ನಡೆದು ಒಂದು ತಿಂಗಳಿಗೆ ಮೊದಲ ಮಹಾಯುದ್ಧ ಆರಂಭವಾಯಿತು. 1915ರ ನಂತರ ಅಧಿಕೃತ ಸ್ಪರ್ಧೆಗಳು ನಿಂತವು. ವ್ಯಾಗ್‌ಸ್ಟಾಫ್ ಸೈನ್ಯದ ಆರ್ಮಿ ಸರ್ವಿಸ್ ಕೋರ್ ಸೇರಿ ಲಂಡನ್ನಿನ ಗ್ರೋವ್ ಪಾರ್ಕ್ ನೆಲೆಯಲ್ಲಿದ್ದರು. ಕ್ಲಾರ್ಕ್, ಗ್ರೋನೋ, ರಾಜರ್ಸ್ ಅವರೂ ಅಲ್ಲಿಯೇ ಇದ್ದರು. ವೃತ್ತಿಪರರನ್ನು ದೂರವಿಟ್ಟಿದ್ದ ರಗ್ಬಿ ಯೂನಿಯನ್ ಯುದ್ಧಕಾಲದಲ್ಲಿ ಸೈನಿಕರ ಮಟ್ಟಿಗೆ ಆ ನಿರ್ಬಂಧವನ್ನು ಸಡಿಲಿಸಿತ್ತು. ಹೀಗಾಗಿ ಹಡರ್ಸ್‌ಫೀಲ್ಡಿನ ಪಾಸಿಂಗ್ ಆಟ ಹದಿನೈದು ಮಂದಿಯ ರಗ್ಬಿಯಲ್ಲಿಯೂ ಪರೀಕ್ಷೆಗೆ ಒಳಗಾಯಿತು. 1916–17ರ ಋತುವಿನಲ್ಲಿ ಗ್ರೋವ್ ಪಾರ್ಕ್ ತಂಡ ಸೋತದ್ದು ಒಂದೇ ಪಂದ್ಯ. ಮುಂದೆ ವ್ಯಾಗ್‌ಸ್ಟಾಫ್ ಈಜಿಪ್ಟಿನಲ್ಲಿ ಸೇವೆ ಸಲ್ಲಿಸಿದರು. ನಾಲ್ಕು ಕಪ್‌ಗಳ ತಂಡದ ಫಾರ್ವರ್ಡ್ ಫ್ರೆಡ್ ಲಾಂಗ್‌ಸ್ಟಾಫ್ 1916ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದರು. ಕ್ಲಾರ್ಕ್ ತೀವ್ರವಾಗಿ ಗಾಯಗೊಂಡರೂ ಬದುಕಿ ಬಂದು ಮತ್ತೆ ಆಡಿದರು.

ಯುದ್ಧಾನಂತರ

1919–20ರಲ್ಲಿ ಹಡರ್ಸ್‌ಫೀಲ್ಡ್ ಮತ್ತೊಮ್ಮೆ ನಾಲ್ಕೂ ಕಪ್‌ಗಳ ಸಮೀಪಕ್ಕೆ ಬಂದಿತು. ಯಾರ್ಕ್‌ಶೈರ್ ಕಪ್, ಯಾರ್ಕ್‌ಶೈರ್ ಲೀಗ್ ಮತ್ತು ವಿಗನ್ ವಿರುದ್ಧ 21–10ರ ಗೆಲುವಿನೊಂದಿಗೆ ಚಾಲೆಂಜ್ ಕಪ್ ಅದರ ಕೈಸೇರಿದ್ದವು. ಆದರೆ ಚಾಂಪಿಯನ್‌ಷಿಪ್ ಫೈನಲಿನ ಹೊತ್ತಿಗೆ ವ್ಯಾಗ್‌ಸ್ಟಾಫ್ ಸೇರಿದಂತೆ ಐವರು ಬ್ರಿಟಿಷ್ ತಂಡದೊಂದಿಗೆ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ್ದರು. ಅವರಿಲ್ಲದ ಹಡರ್ಸ್‌ಫೀಲ್ಡ್ ಹಲ್ ಎದುರು 3–2ರಿಂದ ಸೋತಿತು. ಬಿಲ್ಲಿ ಬ್ಯಾಟನ್ ಗಳಿಸಿದ ಒಂದೇ ಒಂದು ಟ್ರೈ ಪಂದ್ಯವನ್ನು ನಿರ್ಧರಿಸಿತು. ಆ ಪ್ರವಾಸದಲ್ಲಿ ಆಸ್ಟ್ರೇಲಿಯಾ ಸರಣಿಯನ್ನು 2–1ರಿಂದ ಗೆದ್ದುಕೊಂಡಿತು.

1921–22ರಲ್ಲಿ ಸ್ವದೇಶದಲ್ಲಿ ಬ್ರಿಟನ್ ಸರಣಿಯನ್ನು ಮರಳಿ ಪಡೆಯಿತು. ಲೀಡ್ಸ್‌ನಲ್ಲಿ 6–5ರ ಗೆಲುವು, ಹಲ್‌ನಲ್ಲಿ 2–16ರ ಸೋಲು, ಸಾಲ್ಫೋರ್ಡ್‌ನಲ್ಲಿ 6–0ರ ಗೆಲುವು. ಮೂರು ಪಂದ್ಯಗಳ ಒಟ್ಟು ಅಂಕಗಳಲ್ಲಿ ಬ್ರಿಟನ್ 14–21ರಿಂದ ಹಿಂದಿದ್ದರೂ ಸರಣಿ ಅದರದಾಯಿತು. 1915ರ ಫೈನಲ್‌ಗಳ ಧಾರಾಳತನ ಇಲ್ಲಿ ಕಾಣುವುದಿಲ್ಲ; ಹಿಡಿದಿಟ್ಟು ಆಡುವ ಆಟವನ್ನೂ ವ್ಯಾಗ್‌ಸ್ಟಾಫ್ ಅಷ್ಟೇ ಚೆನ್ನಾಗಿ ಬಲ್ಲವರಾಗಿದ್ದರು.

ನಿವೃತ್ತಿ ಮತ್ತು ಮರಣ

1925ರಲ್ಲಿ ಅವರು ಆಟದಿಂದ ನಿವೃತ್ತರಾದರು. ಹತ್ತೊಂಬತ್ತು ವರ್ಷಗಳ ಕಾಲ ಅವರು ಆಡಿದ್ದು ಒಂದೇ ಕ್ಲಬ್ಬಿಗೆ. ಆ ನಂತರ ತರಬೇತುದಾರರಾಗಿ ಕೆಲಸ ಮಾಡಿದರು, ಪಬ್ ಒಂದನ್ನೂ ನಡೆಸಿದರು. 1930ರ ದಶಕದಲ್ಲಿ ತಮ್ಮ ಆಟದ ನೆನಪುಗಳನ್ನು ಪತ್ರಿಕೆಯೊಂದಕ್ಕೆ ಧಾರಾವಾಹಿಯಾಗಿ ಬರೆದರು. ಸಿಡ್ನಿ ಟೆಸ್ಟ್ ಮತ್ತು ಹಡರ್ಸ್‌ಫೀಲ್ಡಿನ ಆಟದ ಕ್ರಮದ ಬಗ್ಗೆ ನಂತರದ ಇತಿಹಾಸಕಾರರಿಗೆ ಅವು ಮುಖ್ಯ ಆಧಾರವಾಗಿವೆ. 1939ರ ಜುಲೈ 19ರಂದು, 48ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

1988ರಲ್ಲಿ ಬ್ರಿಟಿಷ್ ರಗ್ಬಿ ಲೀಗ್ ಹಾಲ್ ಆಫ್ ಫೇಮ್ ಆರಂಭವಾದಾಗ ಮೊದಲು ಆಯ್ಕೆಯಾದ ಒಂಬತ್ತು ಮಂದಿಯಲ್ಲಿ ವ್ಯಾಗ್‌ಸ್ಟಾಫ್ ಒಬ್ಬರು. ಅವರ ಪಾಸ್‌ಗಳನ್ನು ಟ್ರೈಗಳಾಗಿಸಿದ ರೋಸನ್‌ಫೆಲ್ಡ್ ಮತ್ತು 1920ರ ಫೈನಲಿನಲ್ಲಿ ಅವರ ಕ್ಲಬ್ಬಿನ ನಾಲ್ಕನೆಯ ಕಪ್ಪನ್ನು ತಪ್ಪಿಸಿದ ಬಿಲ್ಲಿ ಬ್ಯಾಟನ್ ಇಬ್ಬರೂ ಅದೇ ಪಟ್ಟಿಯಲ್ಲಿದ್ದಾರೆ. ಡಗ್ಲಸ್ ಕ್ಲಾರ್ಕ್ ಅವರ ಹೆಸರು ಸೇರಿದ್ದು 2005ರಲ್ಲಿ.